ಸೈಕಲ್‌ಗೆ ಮನೆಯಲ್ಲೇ ತಯಾರಿಸುವ ವ್ಹೀಲಿ ಬಾರ್: ಪೋಷಕರು ಮತ್ತು ವಿದ್ಯಾರ್ಥಿಗಳ ಗಮನಕ್ಕೆ

1. ಪೀಠಿಕೆ

ದಾವಣಗೆರೆ ನಗರದ ವಿನೋಬನಗರದಂತಹ ಬಡಾವಣೆಗಳಲ್ಲಿ ಬೇಸಿಗೆ ರಜೆ ಆರಂಭವಾಯಿತೆಂದರೆ ಅಡ್ಡರಸ್ತೆಗಳೇ ಮಕ್ಕಳ ಆಟದ ಮೈದಾನಗಳಾಗುತ್ತವೆ. ಇದ್ದ ಸೈಕಲ್ಲನ್ನೇ ತಮ್ಮ ಇಚ್ಛೆಗೆ ತಕ್ಕಂತೆ ಮಾರ್ಪಡಿಸಿಕೊಳ್ಳುವುದು, ಅಂದರೆ ಹ್ಯಾಂಡಲ್ ಎತ್ತರಿಸುವುದು, ಸೀಟನ್ನು ಹಿಂದಕ್ಕೆ ಸರಿಸುವುದು, ಮಡ್‌ಗಾರ್ಡ್ ಕಳಚಿಡುವುದು ಮೊದಲಾದವು ಈ ವಯಸ್ಸಿನ ಸಹಜ ಹವ್ಯಾಸಗಳು. ಇದರ ಮುಂದುವರಿದ ಭಾಗವೇ ಮುಂದಿನ ಚಕ್ರವನ್ನು ಗಾಳಿಗೆತ್ತಿ ಹಿಂದಿನ ಚಕ್ರವೊಂದರ ಮೇಲೆಯೇ ಸಾಗುವ ವ್ಹೀಲಿಂಗ್. ಹೀಗೆ ಸಾಗುವಾಗ ಸೈಕಲ್ ಹಿಂದಕ್ಕೆ ಮಗುಚದಂತೆ ತಡೆಯಲು ಹಿಂಬದಿಯಲ್ಲಿ ಅಳವಡಿಸುವ ಸಣ್ಣ ಗಾಲಿಗಳುಳ್ಳ ಆಸರೆ ಕಂಬಿಯನ್ನು ವ್ಹೀಲಿ ಬಾರ್ ಎಂದು ಕರೆಯುತ್ತಾರೆ.

ದಾವಣಗೆರೆ ಮತ್ತು ಹರಿಹರ ಭಾಗದಲ್ಲಿ ಕಬ್ಬಿಣದ ಕೆಲಸ ಹೊಸದೇನಲ್ಲ. ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಹಲವು ದಶಕಗಳ ಕಾಲ ಲೇತ್ ಯಂತ್ರಗಳನ್ನು ತಯಾರಿಸಿತು. ಆ ಕಾರ್ಖಾನೆ ಇಂದು ಇಲ್ಲವಾದರೂ ಲೇತ್ ಮತ್ತು ವೆಲ್ಡಿಂಗ್ ಅಂಗಡಿಗಳು ಅವಳಿ ಪಟ್ಟಣಗಳಲ್ಲಿ ಉಳಿದುಕೊಂಡಿವೆ. ಆದ್ದರಿಂದ ಪೈಪಿನ ತುಂಡೊಂದನ್ನು ಹಿಡಿದು ಅಂಗಡಿಗೆ ಹೋದ ಬಾಲಕನಿಗೆ ಅರ್ಧ ಗಂಟೆಯಲ್ಲಿ ಆಸರೆ ಕಂಬಿ ಸಿದ್ಧವಾಗಿ ದೊರೆಯುತ್ತದೆ. ಆದರೆ ಅದನ್ನು ಎಲ್ಲಿ, ಎಷ್ಟು ಎತ್ತರದಲ್ಲಿ, ಯಾವುದಕ್ಕೆ ಬಿಗಿಯಬೇಕು ಎಂಬ ತಿಳಿವಳಿಕೆ ಅದರೊಂದಿಗೆ ದೊರೆಯುವುದಿಲ್ಲ. ತಪ್ಪಾಗಿ ಬಿಗಿದ ಆಸರೆಯು ಆಸರೆಯೇ ಇಲ್ಲದಿರುವುದಕ್ಕಿಂತ ಅಪಾಯಕಾರಿ; ಏಕೆಂದರೆ ಅದನ್ನು ನಂಬಿದ ಮಗು ಮೊದಲಿಗಿಂತ ಹೆಚ್ಚು ಧೈರ್ಯ ಮಾಡುತ್ತದೆ. ಈ ಹಿನ್ನೆಲೆಯಲ್ಲಿ ಸಾರ್ವಜನಿಕರ ಅವಗಾಹನೆಗಾಗಿ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ಹಿನ್ನೆಲೆ

ಕಡಿಮೆ ದೂರದ ವೇಗದ ಪಂದ್ಯಗಳಲ್ಲಿ ಭಾಗವಹಿಸುವ ಮೋಟಾರು ವಾಹನಗಳು ಹೊರಡುವ ಕ್ಷಣದಲ್ಲಿ ಮುಂಭಾಗವನ್ನು ಎತ್ತುವುದರಿಂದ, ಅವುಗಳ ಹಿಂದೆ ಗಾಲಿಯುಳ್ಳ ಉದ್ದನೆಯ ಕಂಬಿಗಳನ್ನು ಅಳವಡಿಸುವ ರೂಢಿಯಿದೆ. ಸೈಕಲ್‌ಗಳ ಮಟ್ಟಿಗೆ ಹೇಳುವುದಾದರೆ, ಅಮೆರಿಕದ ಶ್ವಿನ್ ಕಂಪನಿಯು 1963ರಲ್ಲಿ ಸ್ಟಿಂಗ್-ರೇ ಎಂಬ ಮಕ್ಕಳ ಸೈಕಲ್ಲನ್ನು ಮಾರುಕಟ್ಟೆಗೆ ತಂದಿತು. 20 ಅಂಗುಲದ ಚಕ್ರಗಳು, ಎತ್ತರದ ಹ್ಯಾಂಡಲ್ ಹಾಗೂ ಬಾಳೆಹಣ್ಣಿನ ಆಕಾರದ ಉದ್ದನೆಯ ಸೀಟು ಇದರ ವೈಶಿಷ್ಟ್ಯಗಳು. ಸವಾರನ ಭಾರವು ಬಹುತೇಕ ಹಿಂದಿನ ಚಕ್ರದ ಮೇಲೆಯೇ ಬೀಳುತ್ತಿದ್ದುದರಿಂದ ಇದರ ಮುಂಚಕ್ರ ಸುಲಭವಾಗಿ ಮೇಲೇಳುತ್ತಿತ್ತು. ಅದೇ ದಶಕದಲ್ಲಿ ಇಂತಹ ಸೈಕಲ್‌ಗಳಿಗಾಗಿಯೇ ವ್ಹೀಲಿ ಬಾರ್‌ಗಳು ಅಲ್ಲಿ ಬಿಡಿ ಪರಿಕರವಾಗಿ ಮಾರಾಟವಾದವು. ನಮ್ಮಲ್ಲಿ ಸೈಕಲ್ ಅಂಗಡಿಗಳಲ್ಲಿ ಇದು ಸಾಮಾನ್ಯವಾಗಿ ಸಿಗುವ ವಸ್ತುವಲ್ಲವಾದ್ದರಿಂದ ಮನೆಯಲ್ಲಿ ಅಥವಾ ವೆಲ್ಡಿಂಗ್ ಅಂಗಡಿಯಲ್ಲಿ ತಯಾರಿಸಿಕೊಳ್ಳುವುದೇ ರೂಢಿಯಾಗಿದೆ.

3. ಸೈಕಲ್ ಹಿಂದಕ್ಕೆ ಮಗುಚುವುದು ಹೇಗೆ?

ಸೈಕಲ್ ಮತ್ತು ಸವಾರನ ಒಟ್ಟು ಭಾರವು ಒಂದು ಬಿಂದುವಿನಲ್ಲಿ ಸೇರಿದೆ ಎಂದು ಭಾವಿಸಬಹುದು. ಇದನ್ನು ಗುರುತ್ವ ಕೇಂದ್ರವೆನ್ನುತ್ತಾರೆ. ಮುಂಚಕ್ರ ಮೇಲೆದ್ದಂತೆ ಈ ಕೇಂದ್ರವು ಹಿಂದಕ್ಕೆ ಸರಿಯುತ್ತದೆ. ಅದು ಹಿಂದಿನ ಆಕ್ಸೆಲ್‌ನ ನೇರ ಮೇಲಕ್ಕೆ ಬಂದ ಸ್ಥಿತಿಯೇ ಸಮತೋಲನದ ಗಡಿ. ಗಡಿಯ ಈಚೆಗಿದ್ದರೆ ಪೆಡಲ್ ತುಳಿಯುವುದನ್ನು ನಿಲ್ಲಿಸಿದೊಡನೆ ಮುಂಚಕ್ರ ತಾನಾಗಿ ಕೆಳಗಿಳಿಯುತ್ತದೆ. ಗಡಿ ದಾಟಿದರೆ ಸವಾರನು ಬೆನ್ನು ಅಥವಾ ತಲೆಯ ಹಿಂಭಾಗ ನೆಲಕ್ಕೆ ತಾಗುವಂತೆ ಬೀಳುತ್ತಾನೆ.

ಉದಾಹರಣೆಗೆ, 20 ಅಂಗುಲ ಚಕ್ರದ ಸೈಕಲ್‌ನಲ್ಲಿ ಆಕ್ಸೆಲ್ ನೆಲದಿಂದ ಸುಮಾರು 25 ಸೆಂ.ಮೀ. ಎತ್ತರದಲ್ಲಿರುತ್ತದೆ. ಗುರುತ್ವ ಕೇಂದ್ರವು ನೆಲದಿಂದ 95 ಸೆಂ.ಮೀ. ಎತ್ತರದಲ್ಲಿಯೂ ಹಿಂದಿನ ಆಕ್ಸೆಲ್‌ನಿಂದ 35 ಸೆಂ.ಮೀ. ಮುಂದೆಯೂ ಇದೆ ಎಂದಿಟ್ಟುಕೊಂಡರೆ, ಸಮತೋಲನದ ಗಡಿ ಸುಮಾರು 27 ಡಿಗ್ರಿ ಆಗುತ್ತದೆ. ಸೀಟನ್ನು ಹಿಂದಕ್ಕೆ ಸರಿಸಿ, ಹ್ಯಾಂಡಲ್ ಎತ್ತರಿಸಿದ ಪರಿಣಾಮವಾಗಿ ಈ 35 ಸೆಂ.ಮೀ. ಅಂತರವು 25 ಸೆಂ.ಮೀ.ಗೆ ಇಳಿದರೆ ಗಡಿಯು ಸುಮಾರು 20 ಡಿಗ್ರಿಗೆ ಕುಸಿಯುತ್ತದೆ. ಅಷ್ಟೇ ಅಲ್ಲದೆ, ಮುಂಚಕ್ರವನ್ನು ಎತ್ತಲು ಮೊದಲು ಬೇಕಾಗುತ್ತಿದ್ದ ಬಲದ ಶೇಕಡಾ 70ರಷ್ಟು ಮಾತ್ರ ಸಾಕಾಗುತ್ತದೆ. ಅಂದರೆ ನೋಟಕ್ಕೆಂದು ಮಾಡಿದ ಮಾರ್ಪಾಡು ಸೈಕಲ್ಲನ್ನು ಬೇಗ ಎತ್ತುತ್ತದೆ, ಬೇಗ ಮಗುಚುತ್ತದೆ. ಮಾರ್ಪಡಿಸಿದ ಸೈಕಲ್‌ಗೆ ಆಸರೆಯ ಅಗತ್ಯ ಬೀಳುವುದು ಈ ಕಾರಣದಿಂದಲೇ.

4. ಆಸರೆಯ ಎತ್ತರವನ್ನು ನಿಗದಿಪಡಿಸುವ ಕ್ರಮ

ಆಸರೆಯ ಗಾಲಿಯು ಸಮತೋಲನದ ಗಡಿಗೆ ಸಾಕಷ್ಟು ಮೊದಲೇ ನೆಲಕ್ಕೆ ತಾಗಬೇಕು ಎಂಬುದು ಈ ಲೇಖನದ ಮುಖ್ಯ ಅಂಶ. ಹಾಗೆ ತಾಗಿದಾಗ ಭಾರವು ಹಿಂದಿನ ಚಕ್ರದ ಮೇಲೆಯೇ ಉಳಿದಿರುತ್ತದೆ. ಹಿಂದಿನ ಬ್ರೇಕ್ ಹಿಡಿದರೆ ಕೆಲಸ ಮಾಡುತ್ತದೆ. ಗಡಿ ದಾಟಿದ ನಂತರ ತಾಗುವ ಆಸರೆಯಾದರೆ ಭಾರವು ಸಣ್ಣ ಗಾಲಿಗಳಿಗೆ ವರ್ಗಾವಣೆಗೊಂಡು ಹಿಂದಿನ ಚಕ್ರ ಹಗುರವಾಗುತ್ತದೆ. ಮುಂಚಕ್ರವಂತೂ ಗಾಳಿಯಲ್ಲಿರುತ್ತದೆ. ಆಗ ಎರಡು ಬ್ರೇಕ್‌ಗಳಿದ್ದೂ ಸೈಕಲ್‌ಗೆ ಬ್ರೇಕ್ ಇಲ್ಲದಂತಾಗುತ್ತದೆ.

ಕೋನವನ್ನು ಅಳೆಯಲು ಉಪಕರಣ ಬೇಕಿಲ್ಲ. ಕೆಳಕಂಡ ಕಾಲುಭಾಗದ ನಿಯಮವನ್ನು ಅನುಸರಿಸಿದರೆ ಸಾಕು.

ಅ) ಮುಂದಿನ ಮತ್ತು ಹಿಂದಿನ ಆಕ್ಸೆಲ್‌ಗಳ ನಡುವಿನ ಅಂತರವನ್ನು ಟೇಪಿನಿಂದ ಅಳೆಯುವುದು. 20 ಅಂಗುಲದ ಸೈಕಲ್‌ನಲ್ಲಿ ಇದು 95 ಸೆಂ.ಮೀ. ಎಂದು ಭಾವಿಸೋಣ.
ಆ) ಅದರ ನಾಲ್ಕನೇ ಒಂದು ಭಾಗವನ್ನು ಲೆಕ್ಕ ಹಾಕುವುದು. ಇಲ್ಲಿ ಸುಮಾರು 24 ಸೆಂ.ಮೀ.
ಇ) ಸಮತಟ್ಟಾದ ನೆಲದಲ್ಲಿ ಮುಂಚಕ್ರದ ಕೆಳಗೆ ಅಷ್ಟು ಎತ್ತರದ ಆಧಾರವನ್ನಿಡುವುದು. ಅಡ್ಡಲಾಗಿ ಒಂದರ ಮೇಲೊಂದು ಜೋಡಿಸಿದ ಮೂರು ಇಟ್ಟಿಗೆಗಳು ಬಹುತೇಕ ಈ ಎತ್ತರಕ್ಕೆ ಬರುತ್ತವೆ.
ಈ) ಈ ಸ್ಥಿತಿಯಲ್ಲಿ ಆಸರೆಯ ಗಾಲಿಗಳು ನೆಲಕ್ಕೆ ತಾಗುವಂತೆ ಕಂಬಿಯನ್ನು ಹೊಂದಿಸುವುದು.

ಹೀಗೆ ಹೊಂದಿಸಿದ ಆಸರೆಯು ಸುಮಾರು 14 ಡಿಗ್ರಿಗೆ ಸೈಕಲ್ಲನ್ನು ತಡೆಯುತ್ತದೆ. ಗಾಲಿಗಳು ಹಿಂದಿನ ಆಕ್ಸೆಲ್‌ನಿಂದ 50 ಸೆಂ.ಮೀ. ಹಿಂದಿದ್ದರೆ, ಸೈಕಲ್ ಎರಡೂ ಚಕ್ರಗಳ ಮೇಲೆ ನಿಂತಾಗ ಅವು ನೆಲದಿಂದ ಸುಮಾರು 12 ಸೆಂ.ಮೀ. ಮೇಲಿರುತ್ತವೆ. ಈ ಅಂತರಕ್ಕೂ ಮಹತ್ವವಿದೆ. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾನದಂಡದ ಪ್ರಕಾರ ರಸ್ತೆ ಉಬ್ಬಿನ ಎತ್ತರ 10 ಸೆಂ.ಮೀ. ಆಸರೆಯು ಇದಕ್ಕಿಂತ ಕೆಳಗಿದ್ದರೆ ಉಬ್ಬು ದಾಟುವಾಗ ಅದು ನೆಲಕ್ಕೆ ಬಡಿದು ಹಿಂದಿನ ಚಕ್ರವನ್ನೇ ಎತ್ತಿಬಿಡಬಹುದು. ಬಡಾವಣೆಗಳ ಒಳರಸ್ತೆಗಳಲ್ಲಿ ಅಳತೆ ಮೀರಿದ ಕಡಿದಾದ ಉಬ್ಬುಗಳೂ ಚರಂಡಿ ಚಪ್ಪಡಿಗಳ ಇಳಿಜಾರುಗಳೂ ಇರುವುದರಿಂದ ಇಂತಹ ಸ್ಥಳಗಳಲ್ಲಿ ಇಳಿದು ತಳ್ಳಿಕೊಂಡು ಹೋಗುವುದು ಸೂಕ್ತ.

5. ಬೇಕಾಗುವ ಸಾಮಗ್ರಿಗಳು

ಅ) 20 ಮಿ.ಮೀ. ಹೊರವ್ಯಾಸ ಹಾಗೂ 2 ಮಿ.ಮೀ. ದಪ್ಪದ ಎಂ.ಎಸ್. ಪೈಪು: ಕೆಳಗಿನ ಕಂಬಿಗಳಿಗೆ ಎರಡು, ಮೇಲಿನ ಊರೆಗಳಿಗೆ ಎರಡು ತುಂಡುಗಳು.
ಆ) 5 ಮಿ.ಮೀ. ದಪ್ಪ, 40 ಮಿ.ಮೀ. ಅಗಲದ ಎಂ.ಎಸ್. ಪಟ್ಟಿ: ಆಕ್ಸೆಲ್ ಬಳಿ ಬಿಗಿಯಲು ಎರಡು ತುಂಡುಗಳು.
ಇ) 60ರಿಂದ 75 ಮಿ.ಮೀ. ವ್ಯಾಸದ, ಬಾಲ್ ಬೇರಿಂಗ್ ಇರುವ ಎರಡು ಗಾಲಿಗಳು. ಸ್ಕೇಟಿಂಗ್ ಗಾಲಿಗಳಲ್ಲಿ ಬಳಸುವ 608 ಸಂಖ್ಯೆಯ ಬೇರಿಂಗ್‌ನ ಒಳರಂಧ್ರ 8 ಮಿ.ಮೀ. ಇರುವುದರಿಂದ 8 ಮಿ.ಮೀ. ಬೋಲ್ಟ್ ಅದಕ್ಕೆ ಸರಿಹೊಂದುತ್ತದೆ.
ಈ) 8 ಮಿ.ಮೀ. ಬೋಲ್ಟ್‌ಗಳು, ವಾಷರ್‌ಗಳು ಹಾಗೂ ಅದುರಿಕೆಗೆ ಸಡಿಲವಾಗದ ನೈಲಾಕ್ ನಟ್‌ಗಳು.
ಉ) ಅಗತ್ಯವಿದ್ದಲ್ಲಿ ಹಿಂದಿನ ಚಕ್ರಕ್ಕೆ ಹೆಚ್ಚು ಉದ್ದದ ಆಕ್ಸೆಲ್.

ವೆಚ್ಚದ ದೃಷ್ಟಿಯಿಂದ ನೋಡಿದರೆ ಪೈಪು ಮತ್ತು ಬಣ್ಣದಲ್ಲಿ ಉಳಿತಾಯ ಮಾಡಬಹುದು. ತುಕ್ಕು ಹಿಡಿಯದ, ಬಿರುಕಿಲ್ಲದ ಹಳೆಯ ಪೈಪನ್ನು ಬಳಸಲು ಅಡ್ಡಿಯಿಲ್ಲ. ಆದರೆ ನಟ್, ಬೋಲ್ಟ್ ಹಾಗೂ ಬೇರಿಂಗ್‌ಗಳಲ್ಲಿ ಉಳಿತಾಯ ಮಾಡತಕ್ಕದ್ದಲ್ಲ. ಸೈಕಲ್ ಗಂಟೆಗೆ 10 ಕಿ.ಮೀ. ವೇಗದಲ್ಲಿ ಸಾಗುವಾಗ 20 ಅಂಗುಲದ ಚಕ್ರವು ನಿಮಿಷಕ್ಕೆ ಸುಮಾರು 105 ಬಾರಿ ಸುತ್ತಿದರೆ, 60 ಮಿ.ಮೀ. ಗಾಲಿಯು ಸುಮಾರು 880 ಬಾರಿ ಸುತ್ತುತ್ತದೆ. ಬೇರಿಂಗ್ ಇಲ್ಲದ ಅಗ್ಗದ ಪ್ಲಾಸ್ಟಿಕ್ ಗಾಲಿಗಳು ಈ ವೇಗದಲ್ಲಿ ಕಾದು ಹಿಡಿದುಕೊಳ್ಳುತ್ತವೆ. ತಿರುಗದ ಗಾಲಿ ಆಸರೆಯಲ್ಲ, ಅದು ನೆಲಕ್ಕೆ ಕಚ್ಚಿಕೊಳ್ಳುವ ಗೂಟ.

6. ತಯಾರಿಸುವ ವಿಧಾನ

6.1 ತ್ರಿಕೋನ ರಚನೆ: ಕೇವಲ ಎರಡು ಕಂಬಿಗಳನ್ನು ಆಕ್ಸೆಲ್‌ನಿಂದ ಹಿಂದಕ್ಕೆ ಚಾಚಿ ಬಿಡುವುದು ಸಾಮಾನ್ಯವಾಗಿ ಕಂಡುಬರುವ ವಿಧಾನ. ಇದು ಸಾಲದು. 50 ಸೆಂ.ಮೀ. ಉದ್ದದ ಎರಡು ಕಂಬಿಗಳ ತುದಿಗೆ ಒಟ್ಟು 60 ಕಿ.ಗ್ರಾಂ. ಭಾರ ಬಿದ್ದರೆ, ಮೇಲ್ಕಂಡ ಅಳತೆಯ ಪೈಪಿನ ಬುಡದಲ್ಲಿ ಪ್ರತಿ ಚದರ ಮಿ.ಮೀ.ಗೆ ಸುಮಾರು 32 ಕಿ.ಗ್ರಾಂ. ಒತ್ತಡ ಉಂಟಾಗುತ್ತದೆ. ಸಾಮಾನ್ಯ ಎಂ.ಎಸ್. ಉಕ್ಕು ಸುಮಾರು 25 ಕಿ.ಗ್ರಾಂ.ಗೇ ಶಾಶ್ವತವಾಗಿ ಬಾಗಲು ತೊಡಗುತ್ತದೆ. ಆದ್ದರಿಂದ ಪ್ರತಿ ಕಂಬಿಯ ಹಿಂತುದಿಯಿಂದ ಸೀಟಿನ ಕೆಳಗಿನ ಬೋಲ್ಟ್‌ವರೆಗೆ ಮೇಲ್ಮುಖವಾಗಿ ಒಂದು ಊರೆಯನ್ನು ಕೊಟ್ಟು ತ್ರಿಕೋನವನ್ನು ರಚಿಸತಕ್ಕದ್ದು. ಮನೆಯ ಮಾಡಿನ ತೊಲೆಗೆ ಊರೆ ಕೊಡುವ ತತ್ವವೇ ಇಲ್ಲಿಯೂ ಅನ್ವಯಿಸುತ್ತದೆ. ಈ ಊರೆಗಳಿಗೆ ಕ್ಯಾರಿಯರ್ ಅಡ್ಡಬಂದಲ್ಲಿ ಅದನ್ನು ತೆಗೆದಿಡಬೇಕು.

6.2 ಆಕ್ಸೆಲ್ ಬಳಿಯ ಪಟ್ಟಿ: ಪ್ರತಿ ಪಟ್ಟಿಯಲ್ಲಿ ಎರಡು ರಂಧ್ರಗಳಿರಬೇಕು. ಒಂದು ಆಕ್ಸೆಲ್‌ಗೆ, ಇನ್ನೊಂದು ಫ್ರೇಮ್‌ನ ಹಿಂಭಾಗದಲ್ಲಿ ಮಡ್‌ಗಾರ್ಡ್ ಅಥವಾ ಕ್ಯಾರಿಯರ್‌ಗಾಗಿ ಇರುವ ರಂಧ್ರಕ್ಕೆ. ಒಂದೇ ರಂಧ್ರವಿದ್ದರೆ ಭಾರ ಬಿದ್ದಾಗ ಪಟ್ಟಿಯು ಆಕ್ಸೆಲ್ ಸುತ್ತ ತಿರುಗಲು ಯತ್ನಿಸಿ ನಟ್ಟನ್ನು ಸಡಿಲಿಸುತ್ತದೆ.

6.3 ಆಕ್ಸೆಲ್‌ನ ಉದ್ದ: ಪಟ್ಟಿಯನ್ನು ಫ್ರೇಮ್‌ನ ಹೊರಬದಿಗೆ ಇಟ್ಟು, ವಾಷರ್ ಹಾಕಿ, ನಟ್ ಬಿಗಿಯಬೇಕು. ನಟ್ ಪೂರ್ಣವಾಗಿ ಹಿಡಿದ ಮೇಲೂ ಆಕ್ಸೆಲ್‌ನ ಒಂದೆರಡು ಮರೆಗಳು ಹೊರಗೆ ಕಾಣಿಸಬೇಕು. ಕಾಣಿಸದಿದ್ದಲ್ಲಿ ಉದ್ದನೆಯ ಆಕ್ಸೆಲ್ ಹಾಕಿಸಬೇಕು. ನಮ್ಮ ಸೈಕಲ್‌ಗಳಲ್ಲಿ ಸ್ಟ್ಯಾಂಡ್ ಮತ್ತು ಕ್ಯಾರಿಯರ್‌ನ ಕಾಲುಗಳೂ ಇದೇ ಆಕ್ಸೆಲ್‌ಗೆ ಬಿಗಿಯಲ್ಪಡುವುದರಿಂದ ಜಾಗ ಸಾಲದೆ ನಟ್ ಅರ್ಧಕ್ಕೇ ನಿಲ್ಲುವ ಸಂಭವ ಹೆಚ್ಚು.

6.4 ವೆಲ್ಡಿಂಗ್: ಕಂಬಿ, ಊರೆ ಮತ್ತು ಪಟ್ಟಿಗಳನ್ನು ಸೈಕಲ್‌ನಿಂದ ಬೇರ್ಪಡಿಸಿ ವೆಲ್ಡ್ ಮಾಡಿಸಿ, ನಂತರ ಬೋಲ್ಟ್‌ಗಳಿಂದ ಜೋಡಿಸಬೇಕು. ಯಾವುದೇ ಕಾರಣಕ್ಕೂ ಸೈಕಲ್‌ನ ಫ್ರೇಮ್‌ಗೆ ನೇರವಾಗಿ ವೆಲ್ಡ್ ಮಾಡಿಸತಕ್ಕದ್ದಲ್ಲ. ಫ್ರೇಮ್‌ನ ಪೈಪು ತೆಳುವಾಗಿದ್ದು, ಶಾಖದಿಂದ ಆ ಭಾಗ ದುರ್ಬಲಗೊಂಡು ಮುಂದೊಂದು ದಿನ ಬಿರುಕು ಬಿಡಬಹುದು. ಆ ಬಿರುಕು ಬಣ್ಣದ ಕೆಳಗೆ ಕಾಣುವುದಿಲ್ಲ.

6.5 ಗಾಲಿಗಳ ಅಂತರ: ಎರಡು ಗಾಲಿಗಳ ನಡುವೆ 20ರಿಂದ 25 ಸೆಂ.ಮೀ. ಅಂತರವಿರಲಿ. ಒಂದೇ ಗಾಲಿಯಿದ್ದರೆ ಸೈಕಲ್ ಪಕ್ಕಕ್ಕೆ ವಾಲುವುದನ್ನು ತಡೆಯಲಾಗದು. ಗಾಲಿಗಳು ನೇರವಾಗಿ ಉರುಳುವಂತಿರಬೇಕು. ಟ್ರಾಲಿ ಗಾಲಿಗಳಂತೆ ಸುತ್ತಲೂ ತಿರುಗುವಂತಿರಬಾರದು.

6.6 ಕೊನೆಯ ಕೆಲಸ: ಪೈಪಿನ ತೆರೆದ ತುದಿಗಳಿಗೆ ಮುಚ್ಚಳ ಹಾಕಿ, ಚೂಪು ಅಂಚುಗಳನ್ನು ಅರದಿಂದ ಉಜ್ಜಿ, ರೆಡ್ ಆಕ್ಸೈಡ್ ಬಳಿದು ಬಣ್ಣ ಹಚ್ಚಬೇಕು. ಹಿಂದೆ ಚಾಚಿಕೊಂಡಿರುವ ಭಾಗವು ಹಿಂದಿನಿಂದ ಬರುವವರ ಕಾಲಿಗೆ ತಾಗುವ ಸಂಭವವಿರುವುದರಿಂದ ಅದಕ್ಕೆ ಕೆಂಪು ಪ್ರತಿಫಲಕವನ್ನು ಅಂಟಿಸುವುದು ಉತ್ತಮ.

7. ಬಳಕೆಗೆ ಮುನ್ನ ಪರೀಕ್ಷೆ

ಅ) ಸವಾರನಿಲ್ಲದೆ ಹ್ಯಾಂಡಲ್ ಹಿಡಿದು ಮುಂಚಕ್ರವನ್ನು ಎತ್ತಿ, ಎರಡೂ ಗಾಲಿಗಳು ಏಕಕಾಲದಲ್ಲಿ ನೆಲಕ್ಕೆ ತಾಗುವುದನ್ನು ಖಚಿತಪಡಿಸಿಕೊಳ್ಳುವುದು.
ಆ) ಹಿರಿಯರೊಬ್ಬರು ಹ್ಯಾಂಡಲ್ ಹಿಡಿದಿದ್ದು, ಇನ್ನೊಬ್ಬರು ಸೀಟಿನ ಹಿಂಭಾಗವನ್ನು ಬಲವಾಗಿ ಹತ್ತಾರು ಬಾರಿ ಕೆಳಕ್ಕೆ ಒತ್ತುವುದು. ನಂತರ ಪ್ರತಿ ನಟ್ಟನ್ನೂ ಪಾನಾ ಹಾಕಿ ನೋಡುವುದು.
ಇ) ಚೈನ್ ಬಿಗಿತ ಹಾಗೂ ಹಿಂದಿನ ಚಕ್ರ ನೇರವಾಗಿರುವುದನ್ನು ಪರಿಶೀಲಿಸುವುದು. ಆಕ್ಸೆಲ್ ನಟ್ ಬಿಚ್ಚಿ ಹಾಕಿದಾಗ ಇವೆರಡೂ ಬದಲಾಗಿರುತ್ತವೆ.
ಈ) ಹಿಂದಿನ ಬ್ರೇಕ್ ಪರಿಶೀಲಿಸುವುದು. ಮುಂಚಕ್ರ ಎದ್ದಿರುವಾಗ ಸವಾರನನ್ನು ಕಾಪಾಡುವ ಮೊದಲ ಸಾಧನ ಹಿಂದಿನ ಬ್ರೇಕ್. ಆಸರೆಯದು ಎರಡನೆಯ ಸ್ಥಾನ.
ಉ) ಮೊದಲ ಸವಾರಿಯನ್ನು ವಾಹನ ಸಂಚಾರವಿಲ್ಲದ ಸಮತಟ್ಟಾದ ಮೈದಾನದಲ್ಲಿ, ನಡಿಗೆಯ ವೇಗದಲ್ಲಿ, ಹೆಲ್ಮೆಟ್ ಧರಿಸಿ, ಹಿರಿಯರ ಸಮ್ಮುಖದಲ್ಲಿ ಮಾಡುವುದು.

8. ಸಾಮಾನ್ಯವಾಗಿ ಆಗುವ ತಪ್ಪುಗಳು

ಈ ಮಾಹಿತಿಯನ್ನು ಸಿದ್ಧಪಡಿಸಿದವರ ಮನೆಯಲ್ಲಿಯೇ ನಡೆದ ಒಂದು ಘಟನೆಯನ್ನು ಇಲ್ಲಿ ದಾಖಲಿಸುವುದು ಅನುಚಿತವಾಗಲಾರದು. ಏಳನೇ ತರಗತಿಯಲ್ಲಿದ್ದ ಮಗನು ರಜೆಯಲ್ಲಿ ಹಟ ಹಿಡಿದು ಅಂಗಡಿಯೊಂದರಲ್ಲಿ ಆಸರೆ ಕಂಬಿಯನ್ನು ಮಾಡಿಸಿಕೊಂಡು ಬಂದನು. ಕೆಲಸ ಅಚ್ಚುಕಟ್ಟಾಗಿತ್ತು, ಬಣ್ಣವೂ ಹೊಳೆಯುತ್ತಿತ್ತು. ಖರ್ಚು ಎಷ್ಟಾಯಿತೆಂದು ಕೇಳಲಾಯಿತೇ ಹೊರತು ಅದನ್ನು ಯಾವುದಕ್ಕೆ ಬಿಗಿದಿದ್ದಾರೆಂದು ಕೇಳಲಿಲ್ಲ. ಕಂಬಿಯನ್ನು ಬಿಗಿದದ್ದು ಕ್ಯಾರಿಯರ್‌ಗೆ. ಮೂರನೆಯ ದಿನ ಕ್ಯಾರಿಯರ್‌ನ ಕಾಲು ಬಾಗಿ, ಆಸರೆ ಪಕ್ಕಕ್ಕೆ ಜಾರಿ, ಹುಡುಗನು ಹಿಂದಕ್ಕೆ ಬಿದ್ದು ಕೈಯೂರಿದನು. ಮಣಿಕಟ್ಟಿನ ಮೂಳೆ ಮುರಿದು ಆರು ವಾರ ಪ್ಲಾಸ್ಟರ್‌ನಲ್ಲಿ ಇರಬೇಕಾಯಿತು. ಊರಿದ್ದು ಕೈಯನ್ನು ಎಂಬುದೇ ಸಮಾಧಾನ. ತಲೆ ತಾಗಿದ್ದರೆ ಈ ಲೇಖನವನ್ನು ಬರೆಯುವ ಸ್ಥಿತಿ ಇರುತ್ತಿರಲಿಲ್ಲ.

ಇದೂ ಸೇರಿದಂತೆ ತಪ್ಪಿಸಬೇಕಾದ ತಪ್ಪುಗಳು ಈ ಕೆಳಕಂಡಂತಿವೆ.

ಅ) ಕ್ಯಾರಿಯರ್, ಮಡ್‌ಗಾರ್ಡ್ ಅಥವಾ ಸ್ಟ್ಯಾಂಡ್‌ಗೆ ಆಸರೆಯನ್ನು ಬಿಗಿಯುವುದು. ಇವು ಚೀಲದ ಭಾರ ಹೊರಲು, ಕೆಸರು ತಡೆಯಲು, ಸೈಕಲ್ ನಿಲ್ಲಿಸಲು ಮಾಡಿದವು. ಬೀಳುವವನನ್ನು ತಡೆಯಲು ಅಲ್ಲ.
ಆ) ಹೆಚ್ಚು ಭದ್ರವಾಗಲೆಂದು ಗಾಲಿಗಳನ್ನು ನೆಲಕ್ಕೆ ತೀರ ಹತ್ತಿರ ಇಡುವುದು. ಗಾಲಿಗಳು ನಡುಗೆರೆಯಿಂದ 12 ಸೆಂ.ಮೀ. ಹೊರಗೂ ನೆಲದಿಂದ 3 ಸೆಂ.ಮೀ. ಮೇಲೂ ಇದ್ದರೆ, ತಿರುವಿನಲ್ಲಿ ಸೈಕಲ್ ಸುಮಾರು 14 ಡಿಗ್ರಿ ವಾಲಿದೊಡನೆ ಒಂದು ಗಾಲಿ ನೆಲಕ್ಕೆ ತಾಗಿ ಸವಾರನನ್ನು ಎಸೆಯಬಹುದು.
ಇ) ಹೆಚ್ಚು ಎತ್ತರಕ್ಕೆ ಏಳಲೆಂದು ಗಾಲಿಗಳನ್ನು ತೀರ ಮೇಲಿಡುವುದು. ಇದರ ಪರಿಣಾಮವನ್ನು ಕಂಡಿಕೆ 4ರಲ್ಲಿ ವಿವರಿಸಲಾಗಿದೆ.
ಈ) ಹಗ್ಗ, ತಂತಿ ಅಥವಾ ಟ್ಯೂಬಿನಿಂದ ಕಟ್ಟಿ ತಾತ್ಕಾಲಿಕವಾಗಿ ಪರೀಕ್ಷಿಸುವುದು.
ಉ) ಒಬ್ಬರಿಗಾಗಿ ಹೊಂದಿಸಿದ ಸೈಕಲ್ಲನ್ನು ಇಬ್ಬರು ಏರುವುದು. ಹಿಂದೆ ಕುಳಿತವರ ಭಾರದಿಂದ ಸಮತೋಲನದ ಗಡಿ ಇನ್ನಷ್ಟು ಕುಸಿಯುತ್ತದೆ.
ಊ) ಶಾಲೆಗೆ ಹೋಗುವ ಸೈಕಲ್ಲನ್ನೇ ಮಾರ್ಪಡಿಸುವುದು. ರಾಜ್ಯ ಸರ್ಕಾರವು 2006-07ನೇ ಸಾಲಿನಲ್ಲಿ ಆರಂಭಿಸಿದ ಯೋಜನೆಯಡಿ 8ನೇ ತರಗತಿಯ ಮಕ್ಕಳಿಗೆ ನೀಡಲಾದ ಸೈಕಲ್‌ಗಳ ಉದ್ದೇಶ ಶಾಲೆ ತಲುಪುವುದು. ಕ್ಯಾರಿಯರ್ ಕಳಚಿದ ಸೈಕಲ್ ಪುಸ್ತಕದ ಚೀಲವನ್ನು ಹೊರಲಾರದು.

9. ಆಸರೆ ಕಂಬಿಯ ಮಿತಿಗಳು

ಸರಿಯಾಗಿ ತಯಾರಿಸಿದ ಆಸರೆಯೂ ಹಿಂದಕ್ಕೆ ಮಗುಚುವುದೊಂದನ್ನೇ ತಡೆಯಬಲ್ಲದು. ಪಕ್ಕಕ್ಕೆ ಬೀಳುವುದನ್ನಾಗಲಿ, ಎತ್ತಿದ ಮುಂಚಕ್ರ ವಾರೆಯಾಗಿ ಇಳಿದು ಹ್ಯಾಂಡಲ್ ತಿರುಚಿಕೊಳ್ಳುವುದನ್ನಾಗಲಿ, ಎದುರಿಗೆ ಬಂದ ವಾಹನಕ್ಕೆ ಡಿಕ್ಕಿಯಾಗುವುದನ್ನಾಗಲಿ ಅದು ತಡೆಯದು. ಮುಂಚಕ್ರ ನೆಲದಲ್ಲಿಲ್ಲದ ಅಷ್ಟು ಹೊತ್ತು ಸವಾರನಿಗೆ ದಿಕ್ಕು ಬದಲಿಸುವ ಸಾಮರ್ಥ್ಯ ಬಹಳ ಕಡಿಮೆ ಇರುತ್ತದೆ. ಮೈದಾನದಲ್ಲಿ ಇದು ಆಟ. ರಸ್ತೆಯಲ್ಲಿ ಇದೇ ಅಪಘಾತದ ಕಾರಣ.

10. ಕಾನೂನಿನ ಅಂಶಗಳು

ಪೆಡಲ್ ತುಳಿದು ಓಡಿಸುವ ಸೈಕಲ್ ಮೋಟಾರು ವಾಹನವಲ್ಲ. ಆದ್ದರಿಂದ ವಾಹನದ ಮಾರ್ಪಾಡನ್ನು ನಿರ್ಬಂಧಿಸುವ ಮೋಟಾರು ವಾಹನಗಳ ಕಾಯ್ದೆ, 1988ರ 52ನೇ ಪ್ರಕರಣವು ಅದಕ್ಕೆ ಅನ್ವಯಿಸುವುದಿಲ್ಲ. ಆದರೆ 1ನೇ ಜುಲೈ 2024ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 281ನೇ ಪ್ರಕರಣವು ಸಾರ್ವಜನಿಕ ರಸ್ತೆಯಲ್ಲಿ ಇತರರ ಪ್ರಾಣಕ್ಕೆ ಅಪಾಯವಾಗುವಂತೆ ದುಡುಕಿನಿಂದ ಅಥವಾ ನಿರ್ಲಕ್ಷ್ಯದಿಂದ ಯಾವುದೇ ವಾಹನ ಚಲಾಯಿಸುವುದನ್ನು ಅಪರಾಧವೆಂದು ಪರಿಗಣಿಸುತ್ತದೆ. ಇದಕ್ಕೆ 6 ತಿಂಗಳವರೆಗಿನ ಕಾರಾವಾಸ ಅಥವಾ 1,000 ರೂ.ವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಇಲ್ಲಿ ಮೋಟಾರು ವಾಹನ ಎಂಬ ಮಿತಿಯಿಲ್ಲ ಎಂಬುದನ್ನು ಗಮನಿಸಬೇಕು.

ಸೈಕಲ್‌ನಲ್ಲಿ ಕಲಿತ ವ್ಹೀಲಿಂಗ್ ಸ್ಕೂಟರ್ ಮತ್ತು ಬೈಕ್‌ಗಳಿಗೆ ವರ್ಗಾವಣೆಯಾಗುವುದು ಪೋಷಕರು ಹೆಚ್ಚು ಚಿಂತಿಸಬೇಕಾದ ವಿಷಯ. 2019ರ ತಿದ್ದುಪಡಿಯ ಮೂಲಕ ಸೇರ್ಪಡೆಯಾದ 199ಎ ಪ್ರಕರಣದ ಪ್ರಕಾರ ಅಪ್ರಾಪ್ತ ವಯಸ್ಕರು ಮೋಟಾರು ವಾಹನದಲ್ಲಿ ಅಪರಾಧವೆಸಗಿದರೆ ಪೋಷಕರು ಅಥವಾ ವಾಹನದ ಮಾಲೀಕರನ್ನು ತಪ್ಪಿತಸ್ಥರೆಂದು ಭಾವಿಸಲಾಗುತ್ತದೆ. 3 ವರ್ಷಗಳವರೆಗಿನ ಕಾರಾವಾಸ ಮತ್ತು 25,000 ರೂ. ದಂಡ, ವಾಹನದ ನೋಂದಣಿಯು 12 ತಿಂಗಳ ಅವಧಿಗೆ ರದ್ದು, ಹಾಗೂ ಆ ಬಾಲಕನಿಗೆ 25 ವರ್ಷ ತುಂಬುವವರೆಗೆ ಚಾಲನಾ ಅನುಜ್ಞಾಪತ್ರ ಪಡೆಯಲು ಅನರ್ಹತೆ ಇದರ ಪರಿಣಾಮಗಳು.

11. ಪೋಷಕರು ಕೇಳಬಹುದಾದ ಪ್ರಶ್ನೆಗಳು

ಪ್ರಶ್ನೆ: ಆಸರೆ ಹಾಕಿಸಿಕೊಡುವುದು ವ್ಹೀಲಿಂಗ್‌ಗೆ ಪ್ರೋತ್ಸಾಹ ನೀಡಿದಂತಾಗುವುದಿಲ್ಲವೇ?
ಉತ್ತರ: ಕೊಡದಿದ್ದರೂ ಪ್ರಯತ್ನಿಸುವ ಮಕ್ಕಳಿದ್ದಾರೆ. ಮುಚ್ಚಿಟ್ಟು ಮಾಡುವುದಕ್ಕಿಂತ, ಮೈದಾನಕ್ಕೆ ಮಾತ್ರ ಎಂಬ ಷರತ್ತಿನೊಂದಿಗೆ ಹಿರಿಯರ ಕಣ್ಣೆದುರು ಮಾಡುವುದು ಮೇಲು. ಆದರೆ ಆಸಕ್ತಿ ತೋರದ ಮಗುವಿಗೆ ತಾವಾಗಿ ಹಾಕಿಸಿಕೊಡುವ ಅಗತ್ಯವಿಲ್ಲ.

ಪ್ರಶ್ನೆ: ಸೈಕಲ್ ಕಲಿಯುವ ಚಿಕ್ಕ ಮಕ್ಕಳ ಪಕ್ಕದ ಗಾಲಿಗಳನ್ನೇ ಇದಕ್ಕೆ ಬಳಸಬಹುದೇ?
ಉತ್ತರ: ಬಳಸಬಾರದು. ಅವು ಪಕ್ಕಕ್ಕೆ ವಾಲುವುದನ್ನು ತಡೆಯಲು ಮಾಡಿದವು. ಆಕ್ಸೆಲ್‌ನ ಪಕ್ಕದಲ್ಲಿಯೇ ಇರುವುದರಿಂದ ಹಿಂದಕ್ಕೆ ಮಗುಚುವುದನ್ನು ಅವು ತಡೆಯಲಾರವು.

ಪ್ರಶ್ನೆ: ಒಮ್ಮೆ ಹಾಕಿಸಿದ ಮೇಲೆ ಎಷ್ಟು ದಿನಕ್ಕೊಮ್ಮೆ ಪರಿಶೀಲಿಸಬೇಕು?
ಉತ್ತರ: ಪ್ರತಿ ಬಾರಿ ಮೈದಾನಕ್ಕೆ ಹೊರಡುವ ಮುನ್ನ ನಟ್‌ಗಳನ್ನು, ವಾರಕ್ಕೊಮ್ಮೆ ವೆಲ್ಡಿಂಗ್ ಭಾಗಗಳನ್ನು ನೋಡಬೇಕು. ಬಾಗಿದ ಕಂಬಿಯನ್ನು ಬಡಿದು ನೇರ ಮಾಡಿ ಮತ್ತೆ ಬಳಸಬಾರದು.

ಪ್ರಶ್ನೆ: ಬಿದ್ದು ತಲೆಗೆ ಪೆಟ್ಟಾದರೆ ಏನು ಮಾಡಬೇಕು?
ಉತ್ತರ: ಮಗುವನ್ನು ಎಬ್ಬಿಸಿ ನಡೆಸಬಾರದು, ಕುತ್ತಿಗೆಯನ್ನು ಅಲುಗಾಡಿಸಬಾರದು. ಕೂಡಲೇ 108ಕ್ಕೆ ಕರೆ ಮಾಡಬೇಕು. ವಾಂತಿ, ಮಂಪರು, ತೊದಲು ಮಾತು ಕಂಡುಬಂದಲ್ಲಿ, ಮೇಲ್ನೋಟಕ್ಕೆ ಗಾಯವಿಲ್ಲದಿದ್ದರೂ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

12. ಉಪಸಂಹಾರ

ಮಕ್ಕಳು ಕೈಯಾರೆ ಒಂದು ವಸ್ತುವನ್ನು ಅಳೆದು, ಕತ್ತರಿಸಿ, ಜೋಡಿಸಿ ನಿಲ್ಲಿಸುವುದು ಸಂತೋಷದ ಸಂಗತಿ. ಆ ಉತ್ಸಾಹವನ್ನು ತಡೆಯುವುದು ಈ ಲೇಖನದ ಉದ್ದೇಶವಲ್ಲ. ಆಸರೆಯನ್ನು ಫ್ರೇಮ್ ಮತ್ತು ಆಕ್ಸೆಲ್‌ಗೆ ಬಿಗಿಯುವುದು, ತ್ರಿಕೋನವಾಗಿ ಊರೆ ಕೊಡುವುದು, ಕಾಲುಭಾಗದ ನಿಯಮದಂತೆ ಎತ್ತರ ನಿಗದಿಪಡಿಸುವುದು, ರಸ್ತೆಯನ್ನು ಬಿಟ್ಟು ಮೈದಾನದಲ್ಲಿ ಬಳಸುವುದು, ಈ ನಾಲ್ಕನ್ನು ಪಾಲಿಸಿದಲ್ಲಿ ಹೆಚ್ಚಿನ ಅನಾಹುತಗಳನ್ನು ತಪ್ಪಿಸಬಹುದಾಗಿದೆ. ಮಗು ಹೊಸ ಕಂಬಿಯೊಂದಿಗೆ ಮನೆಗೆ ಬಂದಾಗ ಪೋಷಕರು ಖರ್ಚೆಷ್ಟಾಯಿತೆಂದು ಕೇಳುವ ಮೊದಲು, ಪಾನಾ ಕೈಗೆತ್ತಿಕೊಂಡು ಅದನ್ನು ಯಾವುದಕ್ಕೆ ಬಿಗಿಯಲಾಗಿದೆ ಎಂದು ನೋಡಬೇಕಾಗಿ ಕೋರಲಾಗಿದೆ.